ಮೂರು ಬಾಟಲಿ ನೀರು, ಒಂದು ನಕ್ಷೆ

2011ರ ಮಾರ್ಚ್ 23, ಬುಧವಾರ ಮಧ್ಯಾಹ್ನ ಟೋಕಿಯೊ ಆಡಳಿತ ಒಂದು ಸೂಚನೆ ಹೊರಡಿಸಿತು. ಕಾನಾಮಾಚಿಯ ನೀರು ಶುದ್ಧೀಕರಣ ಘಟಕದಲ್ಲಿ ಒಂದು ಕಿಲೋ ನೀರಿಗೆ 210 ಬೆಕೆರೆಲ್ (ವಿಕಿರಣದ ಅಳತೆ) ಅಯೋಡಿನ್-131 ಅನ್ನುವ ವಿಕಿರಣ ವಸ್ತು ಸಿಕ್ಕಿದೆ. ದೊಡ್ಡವರಿಗೆ 300ರವರೆಗೆ ನಡೆಯುತ್ತದೆ. ಹಸುಗೂಸುಗಳಿಗೆ ಮಿತಿ 100. ಒಂದು ವರ್ಷ ತುಂಬದ ಮಕ್ಕಳಿಗೆ ನಲ್ಲಿ ನೀರು ಕುಡಿಸಬೇಡಿ, ಹಾಲಿನ ಪುಡಿಯನ್ನೂ ಅದರಲ್ಲಿ ಕಲಸಬೇಡಿ.

ನನ್ನ ಮಗಳಿಗೆ ಆಗ ಏಳು ತಿಂಗಳು. ನಾವಿದ್ದದ್ದು ನಿಶಿ-ಕಸಾಯ್‌ನಲ್ಲಿ. ಟೋಕಿಯೊದಲ್ಲಿ ನಮ್ಮ ದೇಶದವರು ಜಾಸ್ತಿ ಇರುವ ಜಾಗ ಅದು. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ವಾರ್ಡಿನ ಹೆಸರು ಎದೊಗಾವಾ. ಕಾನಾಮಾಚಿ ಘಟಕ ನೀರೆತ್ತುವ ನದಿಯ ಹೆಸರೂ ಅದೇ. ಹನ್ನೆರಡು ದಿನದ ಹಿಂದಿನ ಭೂಕಂಪ, ಸುನಾಮಿಗೆ ಕೆಟ್ಟು ವಿಕಿರಣ ಸೂಸುತ್ತಿದ್ದ ಫುಕುಶಿಮಾ ದೈಚಿ ಅಣುಸ್ಥಾವರ ನಮ್ಮಿಂದ ಸುಮಾರು 230 ಕಿಲೋಮೀಟರ್ ದೂರ. ಅಲ್ಲಿಯವರೆಗೆ ನಮ್ಮ ಧೈರ್ಯವೆಲ್ಲ ಆ ಸಂಖ್ಯೆಯಲ್ಲೇ ಇತ್ತು.

ಸುದ್ದಿ ಬರುವ ಹೊತ್ತಿಗೆ ಮಗು ಅದೇ ನೀರಿನ ಹಾಲು ಕುಡಿದು ಮಲಗಿತ್ತು. ನಾನು ಶಿವಮೊಗ್ಗಕ್ಕೆ, ಚಿಕ್ಕಪ್ಪನಿಗೆ ಫೋನ್ ಹಚ್ಚಿದೆ. ಅವರು ಕೈಗಾದಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಭೂಕಂಪ ಆದಾಗಿನಿಂದ ನನಗೆ ಟಿವಿಗಿಂತ ಅವರ ಮೇಲೇ ನಂಬಿಕೆ ಹೆಚ್ಚು.

"ಕುದಿಸಿ ಕೊಡ್ಲಾ ಚಿಕ್ಕಪ್ಪ?"

"ಕುದಿಸಿದ್ರೆ ಸಾಯೋದು ಕ್ರಿಮಿ, ಪುಟ್ಟಿ. ಇದು ಕ್ರಿಮಿ ಅಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ಪಾತ್ರೆಯಲ್ಲೇ ಉಳಿಯುತ್ತೆ. ಎಂಟು ದಿನಕ್ಕೆ ಅರ್ಧ ಆಗುತ್ತೆ, ಇನ್ನೆಂಟು ದಿನಕ್ಕೆ ಅದರರ್ಧ. ಕಾಯೋದು ಬಿಟ್ರೆ ಬೇರೆ ಮದ್ದಿಲ್ಲ."

"ಈಗಾಗಲೇ ಕುಡಿದಿದ್ದಾಳಲ್ಲ?"

"ಏನೂ ಆಗಲ್ಲ. ಆ ನೂರು ಅನ್ನೋದು ವರ್ಷವಿಡೀ ಕುಡಿದ್ರೆ ಅನ್ನೋ ಲೆಕ್ಕ. ಬೇರೆ ನೀರು ಸಿಕ್ಕರೆ ಕೊಡು. ಸಿಗಲಿಲ್ಲ ಅಂತ ಮಗೂನ ಬಾಯಾರಿಸಬೇಡ."

ಅದೇ ಮಾತನ್ನು ಸರ್ಕಾರವೂ ಹೇಳುತ್ತಿತ್ತು. ಆದರೆ ಚಿಕ್ಕಪ್ಪ ಹೇಳಿದಾಗ ಮಾತ್ರ ಕಿವಿಗೆ ಬಿತ್ತು.

ನೀರು ಹುಡುಕಿಕೊಂಡು ಹೊರಟೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಪಾಟಿನ ಬೆಲೆಚೀಟಿಗಳು ಮಾತ್ರ ಉಳಿದಿದ್ದವು. ಬೀದಿಯ ವೆಂಡಿಂಗ್ ಮೆಷಿನ್‌ಗಳಲ್ಲಿ ಬಿಸಿ ಕಾಫಿ ಇತ್ತು, ಜೋಳದ ಸೂಪ್ ಇತ್ತು, ಗ್ರೀನ್ ಟೀ ಕೂಡ ಇತ್ತು. ನೀರಿನ ಗುಂಡಿಯ ಕೆಳಗೆ ಮಾತ್ರ 'ಖಾಲಿ' ಅನ್ನುವ ಕೆಂಪು ದೀಪ. ಒಂದು ಮೆಷಿನ್ ಆಯಿತು, ಇನ್ನೊಂದಾಯಿತು, ರೈಲು ನಿಲ್ದಾಣದವರೆಗೂ ಹೀಗೇ. ಯಾರೂ ಜಗಳ ಆಡುತ್ತಿರಲಿಲ್ಲ. ಬಂದು, ಕೆಂಪು ದೀಪ ನೋಡಿ, ಮುಂದಿನ ಮೆಷಿನ್‌ಗೆ ನಡೆಯುತ್ತಿದ್ದರು. ಸಂಜೆ ನಮ್ಮ ಕೆಳಗಿನ ಮನೆಯ ಅಜ್ಜಿ ಎರಡು ಲೀಟರಿನ ಒಂದು ಬಾಟಲಿ ತಂದು ಕೊಟ್ಟರು. ದುಡ್ಡು ಕೊಡಲು ಹೋದರೆ, "ನಾವು ಮುದುಕರು, ನಮಗೇನಾಗುತ್ತೆ" ಅಂದು ಕೈ ಆಡಿಸಿಬಿಟ್ಟರು.

ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿದಾಗ ರಿಯಾಕ್ಟರುಗಳು ತಾವಾಗಿಯೇ ನಿಂತವು. ಅದು ಸರಿಯಾಗಿಯೇ ಆಯಿತು. ಎಡವಟ್ಟಾಗಿದ್ದು ಸುಮಾರು ಐವತ್ತು ನಿಮಿಷದ ಮೇಲೆ, ಸಮುದ್ರ ಒಳಗೆ ಬಂದಾಗ. ಸ್ಥಾವರ ನಡೆಸುತ್ತಿದ್ದವರ ಲೆಕ್ಕದಲ್ಲಿದ್ದದ್ದು 5.7 ಮೀಟರ್ ಎತ್ತರದ ಸುನಾಮಿ. ಬಂದಿದ್ದು ಅದರ ಎರಡು ಪಟ್ಟಿಗೂ ಜಾಸ್ತಿ. ಹೊರಗಿನ ಕರೆಂಟು ಭೂಕಂಪಕ್ಕೇ ಹೋಗಿತ್ತು, ನೆಲಮಾಳಿಗೆಯ ಡೀಸೆಲ್ ಜನರೇಟರುಗಳು ನೀರಿಗೆ ಹೋದವು. ನಿಂತಿರುವ ರಿಯಾಕ್ಟರಿಗೆ ಯಾಕೆ ಇಷ್ಟು ಗಾಬರಿ ಅಂತ ನಾನು ಕೇಳಿದ್ದಕ್ಕೆ ಚಿಕ್ಕಪ್ಪ, "ಸೌದೆ ಎಳೆದ ಮಾತ್ರಕ್ಕೆ ಕೆಂಡ ತಣ್ಣಗಾಗುತ್ತಾ? ಮೇಲೆ ನೀರು ಹರೀತಾನೇ ಇರಬೇಕು" ಅಂದಿದ್ದರು. ನೀರು ಹರಿಯಲಿಲ್ಲ. 12ರಂದು ಒಂದನೇ ಘಟಕದ ಕಟ್ಟಡ ಜಲಜನಕ ಸ್ಫೋಟಕ್ಕೆ ಹಾರಿತು, 14ಕ್ಕೆ ಮೂರನೆಯದು, 15ರ ಬೆಳಿಗ್ಗೆ ನಾಲ್ಕನೆಯದು.

ಆ ಮೂರನೆಯದರ ದೃಶ್ಯವನ್ನು ಊರಲ್ಲಿ ಟಿವಿಯವರು ಜಪಾನೇ ಮುಳುಗಿತು ಅನ್ನುವ ಹಾಗೆ ತೋರಿಸುತ್ತಿದ್ದರಂತೆ. ಅಮ್ಮ ದಿನಾ ಫೋನ್ ಮಾಡಿ ಅಳುತ್ತಿದ್ದಳು. "ಅಳಿಯಂದಿರ ಆಫೀಸು ಏನಾದ್ರೂ ಆಗ್ಲಿ, ನೀನು ಮಗೂನ ಕರ್ಕೊಂಡು ಬಂದ್ಬಿಡೇ." ಮಗುವಿನ ಪಾಸ್‌ಪೋರ್ಟಿಗೆ ಆಗ ತಾನೇ ಅರ್ಜಿ ಹಾಕಿದ್ದೆವು. ಹೊರಡುವ ಮಾತೇ ಇರಲಿಲ್ಲ. ಆಮೇಲೆ ಅಮ್ಮನ ಚಿಂತೆ ಕೈಗಾ ಕಡೆ ತಿರುಗಿತು. ಅಲ್ಲಿಗೆ ಸುನಾಮಿ ಬರಲ್ಲ ಅತ್ತಿಗೆ, ಅದು ಘಟ್ಟದ ನಡುವೆ ಇರೋದು ಅಂತ ಚಿಕ್ಕಪ್ಪ ಸಮಾಧಾನ ಮಾಡಿದರು. ಆದರೆ ನನ್ನ ಹತ್ತಿರ 1994ರ ಕಥೆ ಹೇಳಿದರು. ಆ ವರ್ಷ ಮೇ ತಿಂಗಳಲ್ಲಿ ಕೈಗಾದ ಒಂದನೇ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು, ಕಟ್ಟುತ್ತಿರುವಾಗಲೇ ಕಳಚಿ ಬಿದ್ದಿತ್ತು. ಇಂಧನ ಇನ್ನೂ ತುಂಬಿರಲಿಲ್ಲ. "ತುಂಬಿರಲಿಲ್ಲ ಅನ್ನೋದೇ ಪುಣ್ಯ" ಅಂದರು. ಇಡೀ ವೃತ್ತಿ ಜೀವನ ಅಲ್ಲೇ ಕಳೆದ ಮನುಷ್ಯ. ಅಣುವಿದ್ಯುತ್ತಿನ ಪರವಾಗಿಯೇ ವಾದ ಮಾಡುವವರು. ಆದರೆ ಸುಮ್ನೆ ಬಡಾಯಿ ಕೊಚ್ಚಿದ್ದನ್ನು ನಾನು ಯಾವತ್ತೂ ಕೇಳಿಲ್ಲ.

ಟೋಕಿಯೊದಲ್ಲಿ ಕುಳಿತು ಆ ದಿನಗಳಲ್ಲಿ ನಾವು ನೋಡುತ್ತಿದ್ದದ್ದು ವೃತ್ತಗಳನ್ನು. ಸ್ಥಾವರದ ಸುತ್ತ ಮೊದಲು 3 ಕಿಲೋಮೀಟರ್ ಖಾಲಿ ಮಾಡಿಸಿದರು. ಮರುದಿನ ಬೆಳಿಗ್ಗೆ ಅದು 10 ಆಯಿತು, ಸಂಜೆಗೆ 20. 15ಕ್ಕೆ, 20ರಿಂದ 30ರೊಳಗಿನವರು ಮನೆಯೊಳಗೇ ಇರಿ ಅಂದರು. ಅಮೆರಿಕ ತನ್ನ ಜನಕ್ಕೆ 80 ಕಿಲೋಮೀಟರ್ ಆಚೆ ಹೋಗಿ ಅಂದಿತು. ನೀಲಿ ಸಮವಸ್ತ್ರ ಹಾಕಿಕೊಂಡ ಸರ್ಕಾರದ ವಕ್ತಾರ, ಮುಖ್ಯ ಸಂಪುಟ ಕಾರ್ಯದರ್ಶಿ ಯುಕಿಯೊ ಎದಾನೊ ಹಗಲೂ ರಾತ್ರಿ ಟಿವಿಯಲ್ಲಿ ಬಂದು, ಆರೋಗ್ಯಕ್ಕೆ ತಕ್ಷಣಕ್ಕೆ ಏನೂ ತೊಂದರೆ ಇಲ್ಲ ಅನ್ನುತ್ತಿದ್ದರು. ಹಿಂದೆ ಅದೇ ಕಂಪಾಸ್ ಹಾಕಿ ಎಳೆದ ನಕ್ಷೆ. ನಾನು ಅದರ ಅಂಚಿನಿಂದ ನಿಶಿ-ಕಸಾಯ್‌ವರೆಗೆ ಮನಸ್ಸಿನಲ್ಲೇ ಅಳೆದು ನಿಟ್ಟುಸಿರು ಬಿಡುತ್ತಿದ್ದೆ.

23ರ ರಾತ್ರಿ ಬೇರೆ ನಕ್ಷೆ ಬಂತು.

'ಸ್ಪೀಡಿ' ಅಂತ ಒಂದು ವ್ಯವಸ್ಥೆ ಇತ್ತು. ಗಾಳಿಯ ದಿಕ್ಕು, ಮಳೆ, ಬೆಟ್ಟ ಎಲ್ಲ ನೋಡಿಕೊಂಡು ವಿಕಿರಣದ ಧೂಳು ಯಾವ ಕಡೆ ಹೋಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅದರ ಕೆಲಸ. ಪರಮಾಣು ಸುರಕ್ಷತಾ ಆಯೋಗ ಆ ಲೆಕ್ಕವನ್ನು ಜನರ ಮುಂದೆ ಇಟ್ಟಿದ್ದು ಆ ರಾತ್ರಿ. ನೋಡಿದರೆ ವೃತ್ತವೇ ಇಲ್ಲ! ಸ್ಥಾವರದಿಂದ ವಾಯವ್ಯಕ್ಕೆ ಒಂದು ನಾಲಿಗೆ ಚಾಚಿಕೊಂಡಿತ್ತು. ಅದರ ತುದಿ 30 ಕಿಲೋಮೀಟರಿನ ಗೆರೆ ದಾಟಿ ಹೋಗಿತ್ತು. ಇನ್ನೊಂದು ಚಾಚು ದಕ್ಷಿಣಕ್ಕೆ, ಕರಾವಳಿ ಗುಂಟ. ನಮ್ಮ ನೀರಿಗೂ ಗಾಳಿಯೇ ತಂದು ಹಾಕಿತ್ತು. 21ರಿಂದ ಮಳೆ ಹಿಡಿದಿತ್ತಲ್ಲ, ಮೋಡದ ಜೊತೆ ಬಂದದ್ದು ನದಿಗೆ ಇಳಿದಿತ್ತು.

ಮಗು ಅಜ್ಜಿಯ ಬಾಟಲಿಯ ನೀರಿನ ಹಾಲು ಕುಡಿಯುತ್ತಿತ್ತು. ನಾನು ಆ ವಾಯವ್ಯದ ನಾಲಿಗೆಯ ಮೇಲಿನ ಊರುಗಳ ಹೆಸರು ಓದುತ್ತಿದ್ದೆ. ಅವುಗಳಲ್ಲಿ ಒಂದು ನಮಿಯೆ. ಅಲ್ಲಿಯ ಜನ 12ರಂದು ಸಮುದ್ರದ ಕಡೆಯಿಂದ ಓಡಿ ಅದೇ ಊರಿನ ಬೆಟ್ಟದ ಭಾಗವಾದ ತ್ಸುಶಿಮಾ ಎಂಬಲ್ಲಿ ಸೇರಿದ್ದರು. ಸ್ಥಾವರದಿಂದ ಸುಮಾರು 30 ಕಿಲೋಮೀಟರ್. ವೃತ್ತದ ಪ್ರಕಾರ ಒಳ್ಳೆ ಜಾಗ. 15ರವರೆಗೆ ಸಾವಿರಾರು ಜನ ಅಲ್ಲೇ ಇದ್ದರು. ಅತಿ ಹೆಚ್ಚು ವಿಕಿರಣ ಹೋಗಿದ್ದೂ ಅದೇ ದಿಕ್ಕಿಗೆ. ಇನ್ನೂ ಆಚೆಯ ಇಯಿತಾತೆ ಹಳ್ಳಿ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿಯ ಆರು ಸಾವಿರ ಜನಕ್ಕೆ ಊರು ಬಿಡಿ ಅನ್ನುವ ಆದೇಶ ಬಂದದ್ದು ಏಪ್ರಿಲ್‌ನಲ್ಲಿ.

ಸ್ಥಾವರದಿಂದ ಅಂಕಿಅಂಶ ಬರುತ್ತಿರಲಿಲ್ಲ, ಹಾಗಾಗಿ ಲೆಕ್ಕ ಪಕ್ಕಾ ಅಲ್ಲ ಅಂತ ಅಧಿಕಾರಿಗಳು ಸಮಜಾಯಿಷಿ ಕೊಟ್ಟರು. ಅದು ಸುಳ್ಳಲ್ಲ. ಎಷ್ಟು ಹೊರಬಿತ್ತು ಅನ್ನುವುದು ಗೊತ್ತಿರಲಿಲ್ಲ. ಆದರೆ ಯಾವ ಕಡೆ ಅನ್ನುವುದು ಗೊತ್ತಿತ್ತಲ್ಲ? ಓಡುವವನಿಗೆ ಬೇಕಾದದ್ದು ಅದೇ ಅಲ್ವಾ? ಆ ಲೆಕ್ಕವನ್ನು ಮಾರ್ಚ್ 14ಕ್ಕೇ ಅಮೆರಿಕದ ಸೇನೆಗೆ ಕೊಟ್ಟಿದ್ದೆವು ಅಂತ ಮರುವರ್ಷ ಅವರೇ ಒಪ್ಪಿಕೊಂಡರು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ವಿಷಯಕ್ಕೆ. ಸುನಾಮಿಯನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಒಂದು ಕಾಗದವನ್ನು ಜನರ ಮುಂದೆ ಇಡಬಹುದಿತ್ತು.

ನಮ್ಮ ಕಡೆ ಹೇಗಿತ್ತು ನೋಡಿ. 22ರ ನೀರನ್ನು ಪರೀಕ್ಷೆ ಮಾಡಿ 23ಕ್ಕೆ ಹೇಳಿದರು. 24ಕ್ಕೆ ಎಳೆಮಕ್ಕಳಿರುವ ಮನೆಗಳಿಗೆ ನೀರು ಹಂಚಲು ಶುರು ಮಾಡಿದರು. ಮಗುವಿಗೆ 550 ಮಿಲಿಲೀಟರಿನ ಮೂರು ಬಾಟಲಿ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಲಸಿಕೆ ಬರೆಯುವ ಪುಸ್ತಕ ಹಿಡಿದುಕೊಂಡು ಹೋದೆ. ಕೊಡುತ್ತಿದ್ದ ಹುಡುಗ ಎರಡೂ ಕೈಯಲ್ಲಿ ಬಾಟಲಿ ಹಿಡಿದು, ತೊಂದರೆ ಆಯಿತು ಕ್ಷಮಿಸಿ ಅಂತ ಬಗ್ಗಿದ. ಅಷ್ಟರಲ್ಲಿ ಕಾನಾಮಾಚಿಯ ಅಂಕಿ 79ಕ್ಕೆ ಇಳಿದಿತ್ತು, ನಿರ್ಬಂಧವೂ ತೆಗೆದಾಗಿತ್ತು. ಟೋಕಿಯೊದ ಗವರ್ನರ್ ಶಿಂತಾರೊ ಇಶಿಹಾರಾ ಅದೇ ಘಟಕಕ್ಕೆ ಹೋಗಿ ಕ್ಯಾಮೆರಾ ಮುಂದೆ ಒಂದು ಲೋಟ ನಲ್ಲಿ ನೀರು ಕುಡಿದರು. ಎಪ್ಪತ್ತು ದಾಟಿದವರು ಕುಡಿದು ತೋರಿಸಿದರೆ ಕೂಸಿನ ತಾಯಿಗೆ ಏನು ಧೈರ್ಯ ಬರಬೇಕೋ ಗೊತ್ತಿಲ್ಲ. ಇರಲಿ, ನೀರಂತೂ ಕೊಟ್ಟರು.

ಆ ವಾರದಲ್ಲೇ ಗೊತ್ತಾದ ಇನ್ನೊಂದು ಸಂಗತಿ ಇದೆ. ಫುಕುಶಿಮಾ ದೈಚಿಯನ್ನು ನಡೆಸುತ್ತಿದ್ದದ್ದು ಟೆಪ್ಕೊ, ಅಂದರೆ ಟೋಕಿಯೊದ ವಿದ್ಯುತ್ ಕಂಪನಿ. ಫುಕುಶಿಮಾದ ಮನೆಗಳಿಗೆ ಕರೆಂಟು ಕೊಡುವುದು ಬೇರೆ ಕಂಪನಿ, ತೊಹೊಕು ಎಲೆಕ್ಟ್ರಿಕ್. ಅಂದರೆ ಅಲ್ಲಿ ತಯಾರಾಗುತ್ತಿದ್ದದ್ದು ನಮಗಾಗಿ. ಸ್ಥಾವರ ನಿಂತ ಮೇಲೆ ಸರದಿ ಪ್ರಕಾರ ಕರೆಂಟು ತೆಗೆದಾಗಲೂ ಟೋಕಿಯೊ ನಗರದ 23 ವಾರ್ಡುಗಳಲ್ಲಿ ಬಹುಪಾಲು ಬಿಟ್ಟರು. ನಮ್ಮ ಮನೆಯಲ್ಲಿ ಒಂದು ದಿನವೂ ದೀಪ ಆರಲಿಲ್ಲ.

ಆಮೇಲೆ ವರ್ಷಗಟ್ಟಲೆ ನಾನು ಈ ಸುದ್ದಿ ಬಿಡಲಿಲ್ಲ. ಗಂಡ ತಮಾಷೆ ಮಾಡುತ್ತಿದ್ದ, ಬೇರೆಯವರು ಧಾರಾವಾಹಿ ನೋಡ್ತಾರೆ, ನೀನು ರಿಯಾಕ್ಟರ್ ನೋಡ್ತೀಯ ಅಂತ. ಇದೂ ಮುಗಿಯದ ಧಾರಾವಾಹಿಯೇ. ಕರಗಿ ತಳಕ್ಕಿಳಿದ ಇಂಧನ ಸುಮಾರು 880 ಟನ್ ಅಂತ ಅಂದಾಜು. 2024ರ ನವೆಂಬರಿನಲ್ಲಿ ಮೊದಲ ಸಲ ಅದರಲ್ಲಿ ಒಂದು ಚೂರನ್ನು ಹೊರತೆಗೆದರು. ತೂಕ ಒಂದು ಗ್ರಾಮೂ ಇಲ್ಲ.

2023ರ ಆಗಸ್ಟ್ ಕೊನೆಯಲ್ಲಿ, ಮಗಳಿಗೆ ಶಾಲೆ ರಜೆ ಇದ್ದಾಗ, ಉಎನೊದಿಂದ ಜೊಬಾನ್ ಮಾರ್ಗದ ರೈಲು ಹತ್ತಿ ಸ್ಥಾವರದ ಪಕ್ಕದ ಊರಾದ ಫುತಾಬಾಗೆ ಹೋದೆವು. ಈ ಮಾರ್ಗ ಪೂರ್ತಿ ಮತ್ತೆ ಶುರುವಾದದ್ದೇ 2020ರಲ್ಲಿ. ಊರಿಗೆ ಜನ ವಾಪಸ್ ಬಂದು ವಾಸ ಮಾಡಬಹುದು ಅಂದದ್ದು 2022ರ ಆಗಸ್ಟಿನಲ್ಲಿ, ಅದೂ ಒಂದು ಭಾಗಕ್ಕೆ ಮಾತ್ರ. ನಿಲ್ದಾಣ ಹೊಸದು, ರಸ್ತೆ ಹೊಸದು. ಪಕ್ಕದ ಓಣಿಗೆ ತಿರುಗಿದರೆ ಮನೆಗಳ ಅಂಗಳದಲ್ಲಿ ಆಳೆತ್ತರ ಹುಲ್ಲು. ಸ್ಥಾವರದ ಟ್ಯಾಂಕುಗಳಲ್ಲಿ ತುಂಬಿಟ್ಟಿದ್ದ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡಲು ಶುರು ಮಾಡಿದ್ದು ಅದೇ 24ರಂದು. ಎಲ್ಲಿ ನೋಡಿದರೂ ಅದೇ ಮಾತು. ಸಂಸ್ಕರಿಸಿದರೂ ಹೋಗದೆ ಉಳಿಯುವ ವಿಕಿರಣ ವಸ್ತು ಟ್ರಿಟಿಯಂ ಲೀಟರಿಗೆ 1500 ಬೆಕೆರೆಲ್ ಒಳಗಿರುವಂತೆ ನೋಡಿಕೊಂಡು ಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಟ್ಟ 10,000. ಅಂಕಿ ನೋಡಿದರೆ ನನಗೆ ತಕರಾರಿಲ್ಲ. ಆದರೆ ಸಂಬಂಧಪಟ್ಟವರು ಒಪ್ಪದೆ ಏನೂ ಮಾಡಲ್ಲ ಅಂತ 2015ರಲ್ಲಿ ಸರ್ಕಾರ ಮತ್ತು ಟೆಪ್ಕೊದವರು ಮೀನುಗಾರರ ಸಂಘಕ್ಕೆ ಬರೆದುಕೊಟ್ಟಿದ್ದರು. ಮೀನುಗಾರರು ಕೊನೆಗೂ ಒಪ್ಪಿರಲಿಲ್ಲ.

ಫುತಾಬಾದ ದುರಂತ ಸ್ಮಾರಕ ಮ್ಯೂಸಿಯಮ್ಮಿನಲ್ಲಿ ಊರಿನ ಹಳೆಯ ಫಲಕ ಇಟ್ಟಿದ್ದಾರೆ. ಅಣುಶಕ್ತಿಯೇ ಬೆಳಕಿನ ನಾಳೆಗೆ ಶಕ್ತಿ ಅನ್ನುವ ಅರ್ಥದ ಘೋಷಣೆ. 1980ರ ದಶಕದಲ್ಲಿ ಶಾಲಾ ಹುಡುಗನೊಬ್ಬ ಬರೆದದ್ದು, ಮುಖ್ಯರಸ್ತೆಗೆ ಅಡ್ಡಲಾಗಿ ಕಮಾನು ಕಟ್ಟಿ ಹಾಕಿದ್ದರು. ದುರಂತ ಆದ ಮೇಲೆ ಅದನ್ನು ಕಿತ್ತು ಎಸೆಯಬೇಡಿ, ಉಳಿಸಿ ಅಂತ ಓಡಾಡಿದವನೂ ಅದೇ ಹುಡುಗ, ದೊಡ್ಡವನಾದ ಮೇಲೆ.

ಅಲ್ಲಿ ತಮ್ಮ ಅನುಭವ ಹೇಳುವವರು ಇರುತ್ತಾರೆ. ಅವತ್ತು ಮಾತಾಡಿದವರು ನಮಿಯೆಯ ಒಬ್ಬ ಹೆಂಗಸು. ತ್ಸುಶಿಮಾದಲ್ಲಿ ಇದ್ದವರು. ಹೊರಗಡೆಯೇ ಒಲೆ ಹೂಡಿ ಅನ್ನ ಮಾಡಿದೆವು, ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು ಅಂದರು. ದನಿ ಏರಿಸಲಿಲ್ಲ. ಮಾತು ಮುಗಿದ ಮೇಲೆ ನನ್ನ ಹತ್ತಿರ ಬಂದು ಯಾವ ದೇಶ, ಎಲ್ಲಿದ್ದೀರಿ ಅಂತ ಕೇಳಿದರು. ಭಾರತ, ಈಗ ಎದೊಗಾವಾ ವಾರ್ಡು ಅಂದೆ. ನೀರಿನ ಕಥೆಯನ್ನೂ ಹೇಳಿದೆ.

"ಹೌದಾ, ಮಗುವಿಗೆ ನೀರು ಸಿಕ್ಕಿತಲ್ಲ, ಒಳ್ಳೇದಾಯಿತು" ಅಂದರು. ಆಮೇಲೆ ನಕ್ಕು, "ಹಾಗಾದ್ರೆ ನಮ್ಮೂರ ಕಡೆಯ ಕರೆಂಟು ನಿಮ್ಮನೆಗೇ ಬರ್ತಿತ್ತು" ಅಂದರು. ಕೊಂಕಿನ ನಗು ಅಲ್ಲ. ಆದರೂ ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಮಗಳು, "ಈಗ ನಮ್ಮನೆಗೆ ಕರೆಂಟು ಎಲ್ಲಿಂದ ಬರುತ್ತೆ ಅಮ್ಮ?" ಅಂತ ಕೇಳಿದಳು. ಟೋಕಿಯೊ ಕೊಲ್ಲಿಯ ಸುತ್ತ ಗ್ಯಾಸ್ ಉರಿಸುವ ಸ್ಥಾವರಗಳಿವೆ, ಜಾಸ್ತಿ ಅಲ್ಲಿಂದಲೇ ಅಂದೆ. ಟೆಪ್ಕೊಗೆ ನೀಗಾತಾ ಪ್ರಾಂತದ ಕಾಶಿವಾಜಾಕಿಯಲ್ಲಿ ಏಳು ರಿಯಾಕ್ಟರಿನ ಇನ್ನೊಂದು ಅಣುಸ್ಥಾವರ ಇದೆ, ನಿಂತಿದೆ, ಅದನ್ನು ಮತ್ತೆ ಶುರು ಮಾಡುವ ಮಾತು ನಡೀತಿದೆ ಅಂತಲೂ ಹೇಳಿದೆ.

"ನೀಗಾತಾದವರಿಗೆ ಕರೆಂಟು ಕೊಡೋದು ಯಾರು?"

"ತೊಹೊಕು ಎಲೆಕ್ಟ್ರಿಕ್."

"ಓ, ಅಲ್ಲೂ ಹಾಗೇನಾ!" ಅಂದಳು. ಫೋನ್ ತೆಗೆದು ನೀಗಾತಾದಿಂದ ನಮ್ಮ ಮನೆ ಎಷ್ಟು ದೂರ ಅಂತ ನೋಡತೊಡಗಿದಳು.