ಅಪ್ಪ ಅಂದದ್ದು "ಎಣಿಸು" ಅಂತ ಮಾತ್ರ

ಮಂಗಳವಾರ ನಮ್ಮ ಮನೆಯ ಬೀಜದ ಕಂಪನಿಯ ಸಭೆಯಲ್ಲಿ ಅಪ್ಪ ಬಾಯಿ ಬಿಟ್ಟದ್ದು ಒಂದೇ ಸಲ. "ಎಣಿಸು" ಅಂದರು. ಮೂರು ದಿನವಾಯಿತು, ಅದೇ ಮಾತು ಕಿವಿಯಲ್ಲಿದೆ.

ಬಂದರಿನ ಬಿಸಿಲಲ್ಲಿ 5 ವಾರ ನಿಂತು ವಾಪಸ್ಸಾದ ನಮ್ಮ ಕಂಟೇನರ್ ತುಂಬ ಈರುಳ್ಳಿ ಬಿತ್ತನೆ ಬೀಜ. ಇನ್ನೊಂದು ದೇಶದ ಖರೀದಿದಾರರು ಅದನ್ನೇ ಕೇಳಿದ್ದರು. "ಲೇಬಲ್ ಮೇಲಿನ ಅವಧಿ ಇನ್ನೂ ಮುಗಿದಿಲ್ಲವಲ್ಲಪ್ಪಾ, ಕಳಿಸಿಬಿಡೋಣ" ಅಂದ ತಮ್ಮ. ರಫ್ತು ಕಟ್ಟಿದವನು ಅವನೇ. ಅವನಿಲ್ಲದಿದ್ದರೆ ನಾವು ಇನ್ನೂ ಒಂದೇ ಗೋದಾಮಿನಲ್ಲಿರುತ್ತಿದ್ದೆವು. ಆದರೆ ಬೀಜವನ್ನು ಟನ್ನಿನ ಲೆಕ್ಕದಲ್ಲೇ ನೋಡುತ್ತಾ ಬೆಳೆದವನು.

ಅಪ್ಪ ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಅವನ ಮುಂದಿಟ್ಟರು. 10 ದಿನದ ಹಿಂದೆಯೇ, ಯಾರಿಗೂ ಹೇಳದೆ, ಅದೇ ಲಾಟಿನ 100 ಬೀಜ ಕಟ್ಟಿಟ್ಟಿದ್ದರು. ತಮ್ಮ ಎಣಿಸಿದ. ಮೊಳೆತದ್ದು 41. ಮತ್ತೆ ಎಣಿಸಿದ. 41ಏ.

ಈರುಳ್ಳಿ ಬೀಜದ ಆಯಸ್ಸೇ ಕಡಿಮೆ. ಬಿಸಿಯೂ ತೇವವೂ ಸೇರಿದರೆ ತಾರೀಖು ಬರುವ ಮೊದಲೇ ಸಾಯುತ್ತದೆ, ನೋಡಲು ಮಾತ್ರ ಅದೇ ಕಪ್ಪು ಕಾಳು. ರೈತನಿಗೆ ಗೊತ್ತಾಗುವುದು ಸಸಿಮಡಿಯಲ್ಲಿ, ಹದ ತಪ್ಪಿದ ಮೇಲೆ.

ಇಂದು ಹಲವು ದೇಶಗಳಲ್ಲಿ ಹರಡಿರುವ ಥಾಯ್ಲೆಂಡಿನ ಸಿ.ಪಿ. ಸಮೂಹವೂ ಶುರುವಾದದ್ದು ಬೀಜದಂಗಡಿಯಿಂದಲೇ. 1921ರಲ್ಲಿ ಚೀನಾದಿಂದ ಬಂದ ಚಿಯಾ ಸೋದರರು ಬ್ಯಾಂಕಾಕಿನಲ್ಲಿ ತರಕಾರಿ ಬೀಜ ಮಾರುತ್ತಿದ್ದರು. ಪೊಟ್ಟಣದ ಮೇಲೆ ವಿಮಾನದ ಗುರುತು, ಜೊತೆಗೆ ಬೀಜದ ಅವಧಿ ಮುಗಿಯುವ ತಾರೀಖು. ತನ್ನ ಸರಕು ಯಾವತ್ತು ಕೆಡುತ್ತದೆಂದು ತಾನೇ ಬರೆದು ಮಾರುವುದಕ್ಕೆ ಎದೆ ಬೇಕು. 1979ರಲ್ಲಿ ಚೀನಾ ವಿದೇಶಿ ಹೂಡಿಕೆಗೆ ಬಾಗಿಲು ತೆರೆದಾಗ ಶೆಂಜೆನ್‌ನಲ್ಲಿ 0001 ಸಂಖ್ಯೆಯ ಪರವಾನಗಿ ಪಡೆದದ್ದು ಇದೇ ಮನೆತನ. ಜನ ಮಾತಾಡುವುದು ಆ ಪರವಾನಗಿಯ ಬಗ್ಗೆ. ನನಗೆ ಆ ತಾರೀಖೇ ದೊಡ್ಡದು.

ಆ ರಾತ್ರಿ ತಮ್ಮ ಫೋನ್ ಮಾಡಿದ. "ಅಕ್ಕಾ, ಅಪ್ಪ ಒಬ್ಬರೇ. 6 ದೇಶಗಳ ಗೋದಾಮಿನಲ್ಲಿ ಬಟ್ಟೆ ಕಟ್ಟೋರು ಯಾರು?" ಅವನ ಪ್ರಶ್ನೆ ಸರಿಯಾಗಿಯೇ ಇದೆ. 1865ರಲ್ಲಿ ಅಮೆರಿಕದ ಅಯೋವಾದಲ್ಲಿ ಒಂದು ಧಾನ್ಯದ ಉಗ್ರಾಣದಿಂದ ಶುರುವಾದ ಕಾರ್ಗಿಲ್ ಈಗಲೂ ಮನೆತನದ ಒಡೆತನದಲ್ಲೇ ಇದೆ, ನಡೆಸುವವರು ಮಾತ್ರ ಹೊರಗಿನವರು. ನಾವೂ ಒಂದು ದಿನ ಹಾಗೆಯೇ ಬಿಟ್ಟುಕೊಡಬೇಕು. ಕುರ್ಚಿ ಬಿಟ್ಟುಕೊಡಬಹುದು, ಈ ಎಣಿಕೆಯನ್ನು ಬಿಟ್ಟುಕೊಡುವುದು ಹೇಗೆ?

ನಿನ್ನೆ ಇಬ್ಬರೂ ಕೂತು ಬರೆದೆವು: ದೂರ ಪ್ರಯಾಣ ಮಾಡಿದ ಲಾಟು ಮತ್ತೆ ಮೊಳಕೆ ಪರೀಕ್ಷೆಯಾಗದೆ ಗೋದಾಮು ದಾಟಬಾರದು. ಪರೀಕ್ಷಿಸುವವರು ಮಾರಾಟ ವಿಭಾಗದ ಕೈಕೆಳಗೆ ಇರಬಾರದು, ಲಾಟನ್ನು ತಡೆಯುವ ಅಧಿಕಾರ ಅವರಿಗೇ ಇರಬೇಕು. ಎರಡನೆಯ ಸಾಲು ತಮ್ಮನೇ ಸೇರಿಸಿದ್ದು.

ಕಂಟೇನರ್ ಹೋಗಲಿಲ್ಲ.