ಗುಳ್ಳೆ ಎದ್ದರೆ ಬಣ್ಣವನ್ನು ಬೈಯಬೇಡಿ

ನಾವು ಮಾಡುವುದು ಆರ್ಕಿಟೆಕ್ಚರ್ ಮಾಡೆಲ್. ಬೆಂಗಳೂರಲ್ಲಿ ಫ್ಲ್ಯಾಟ್ ನೋಡಲು ಹೋದರೆ ಸೇಲ್ಸ್ ಆಫೀಸಿನ ನಡುವೆ ಗಾಜಿನ ಪೆಟ್ಟಿಗೆಯೊಳಗೆ ಟವರ್, ಈಜುಕೊಳ, ಮರ, ಕಾರು ಎಲ್ಲ ಇರುತ್ತಲ್ಲ, ಅದೇ. ನನ್ನದು ಪೇಂಟಿಂಗ್ ಸೆಕ್ಷನ್. 1:100 ಸ್ಕೇಲಿನಲ್ಲಿ ಒಬ್ಬ ಮನುಷ್ಯ ಅಂದರೆ ಸುಮಾರು 17 ಮಿಲಿಮೀಟರ್. ಕಾರು 4 ಸೆಂಟಿಮೀಟರ್. ಇಷ್ಟು ಚಿಕ್ಕದಕ್ಕೆ ಸ್ಪ್ರೇ ಗನ್ ಹಿಡಿದರೆ ಕಾರಿನ ಜೊತೆ ಮೇಜಿಗೂ ಬಣ್ಣ. ಹಾಗಾಗಿ 0.3 ಏರ್‌ಬ್ರಷ್: ಪೆನ್ನಿನ ಹಾಗೆ ಹಿಡಿಯುವ ಪುಟ್ಟ ಸ್ಪ್ರೇ, ಬಣ್ಣ ಹೊರಬರುವ ನಾಝಲ್‌ನ ತೂತು 0.3 ಮಿಲಿಮೀಟರ್. ನಮ್ಮಲ್ಲಿ ಇದ್ದದ್ದು ಒಂದೇ ಒಂದು. ಇನ್ನೊಂದು ಕೊಡಿಸಿ, ಹೋಗಲಿ ಸ್ಪೇರ್ ನಾಝಲ್ ಆದರೂ ತರಿಸಿ ಅಂತ ಕೇಳಿದಾಗಲೆಲ್ಲ ಮ್ಯಾನೇಜರ್ ಹೇಳುತ್ತಿದ್ದದ್ದು ಒಂದೇ ಮಾತು: "ಇರೋದು ಚೆನ್ನಾಗೇ ನಡೀತಿದೆಯಲ್ಲ ಗುರು?"

ಅದು ಚೆನ್ನಾಗಿ ನಡೆಯುವುದನ್ನು ನಿಲ್ಲಿಸಿದ್ದು ಲಾಂಚ್‌ನ ಹಿಂದಿನ ರಾತ್ರಿ. ಇನ್ನು ಯಾವಾಗ ನಿಲ್ಲಿಸುತ್ತದೆ ಹೇಳಿ.

ಟವರ್‌ಗಳು ಬೇಸ್ ಮೇಲೆ ಕೂತಿದ್ದವು. ಲ್ಯಾಂಡ್‌ಸ್ಕೇಪಿಂಗ್ ಮುಗಿದಿತ್ತು. ಎಲೆಕ್ಟ್ರಿಷಿಯನ್ ಬೇಸ್ ಕೆಳಗೆ ಮಲಗಿಕೊಂಡು ಎಲ್‌ಇಡಿ ವೈರು ಜೋಡಿಸುತ್ತಿದ್ದ. ಬಾಕಿ ಇದ್ದದ್ದು ಕಾರು ಮತ್ತು ಜನ. ಎಲ್ಲಕ್ಕೂ ಪ್ರೈಮರ್ ಹೊಡೆದು, ಡಬಲ್ ಟೇಪ್ ಪಟ್ಟಿ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಬಿಳಿ ಕಾರು ಶುರು ಮಾಡಿದೆ. ಟ್ರಿಗರ್ ಒತ್ತಿ ಹಿಂದಕ್ಕೆ ಎಳೆದರೆ ಬಣ್ಣ ಒಂದೇ ಸಮ ಬರಲಿಲ್ಲ. ಉಫ್, ಉಫ್ ಅಂತ ಬಿಟ್ಟು ಬಿಟ್ಟು ಬಂತು. ಏರ್‌ಬ್ರಷ್ ಮೇಲಿನ ಬಣ್ಣದ ಕಪ್ ನೋಡಿದರೆ ಒಳಗೆ ಬಣ್ಣ ಗುಳುಗುಳು ಅಂತ ಗುಳ್ಳೆ ಏಳುತ್ತಿತ್ತು.

ತೊಳೆಯಲು ಮುಂದಿನ ತುದಿಗೆ ಕೈಬೆರಳು ಅಡ್ಡ ಹಿಡಿದು ಬ್ಯಾಕ್‌ಫ್ಲಶ್ ಮಾಡುವಾಗಲೂ ಹೀಗೇ ಗುಳ್ಳೆ ಬರುತ್ತದೆ. ಮುಂದೆ ದಾರಿ ಇಲ್ಲದ ಗಾಳಿ ಹಿಂದಕ್ಕೆ ತಿರುಗಿ ಕಪ್‌ಗೆ ನುಗ್ಗುತ್ತದೆ. ಆದ್ದರಿಂದ ನನ್ನ ತಲೆ ನೇರವಾಗಿ ಅಲ್ಲಿಗೇ ಹೋಯಿತು: ನಾಝಲ್ ಬ್ಲಾಕ್ ಆಗಿದೆ, ಬಣ್ಣ ಗಟ್ಟಿ. ತಪ್ಪು ಲೆಕ್ಕ, ಆದರೆ ಕೇಳಿದರೆ ಸರಿ ಅನ್ನಿಸುವ ತಪ್ಪು ಲೆಕ್ಕ. ಆ ಥರದ್ದೇ ಜಾಸ್ತಿ ಹೊತ್ತು ತಿನ್ನುವುದು.

ಥಿನ್ನರ್ ಹಾಕಿ ತೆಳು ಮಾಡಿದೆ. ಗುಳ್ಳೆ. ಇನ್ನೂ ತೆಳು ಮಾಡಿದೆ. ಗುಳ್ಳೆ. ಪಕ್ಕದಲ್ಲಿದ್ದ ಹುಡುಗ "ಅಣ್ಣ, ಎನ್‌ಸಿ ಹಾಕಿ ನೋಡೋಣ್ವಾ?" ಅಂದ. ಎನ್‌ಸಿ ಅಂದರೆ ಲ್ಯಾಕರ್ ಬಣ್ಣಕ್ಕೆ ಹಾಕುವ ಥಿನ್ನರ್. ನಮ್ಮ ವಾಟರ್ ಬೇಸ್ ಅಕ್ರಿಲಿಕ್‌ಗೆ ಅದನ್ನು ಹಾಕಿದರೆ ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟುತ್ತದೆ. ಬೇಡ ಅಂದೆ. ಆ ರಾತ್ರಿ ನಾನು ಸರಿಯಾಗಿ ಹೇಳಿದ್ದು ಅದೊಂದೇ.

ಆಮೇಲೆ ಕಂಪ್ರೆಸರ್‌ನ ರೆಗ್ಯುಲೇಟರ್ ತಿರುಗಿಸಿ ಗಾಳಿಯ ಒತ್ತಡ 20 ಪಿಎಸ್‌ಐ ಇದ್ದದ್ದನ್ನು 35ಕ್ಕೆ ಏರಿಸಿದೆ. ಬಣ್ಣ ನೀರಿನಷ್ಟು ತೆಳು, ಗಾಳಿ ಜೋರು. ಏನಾಗಬೇಕೋ ಅದೇ ಆಯಿತು. ಬಾನೆಟ್ ಮೇಲೆ ಬಿದ್ದ ಬಣ್ಣ ನಾಲ್ಕೂ ಕಡೆ ಜೇಡನ ಕಾಲಿನಂತೆ ಓಡಿತು. ಹಿಂದೆ ಮ್ಯಾನೇಜರ್ ಬಂದು ನಿಂತಿದ್ದರು. "ಎಷ್ಟೊತ್ತಾಗತ್ತೆ?" ಅಂದರು. "ಆಯ್ತು ಸರ್, ಈಗ ಆಗತ್ತೆ" ಅಂದೆ. ಮಾಡೆಲ್ ಫೀಲ್ಡಿನಲ್ಲಿ ಇದ್ದವರಿಗೆ ಈ ‘ಈಗ’ದ ಅಳತೆ ಗೊತ್ತು.

ಬಿಚ್ಚಿ ತೊಳೆದೆ. ನಾಝಲ್ ಬಾಯಿ ಮುಚ್ಚಿ ತೆರೆಯುವ ನೀಡಲ್ ಒರೆಸಿ ಹಾಕುವಾಗ, ಒಳಗೆ ಒಣಗಿದ ಬಣ್ಣ ಇದ್ದರೆ ಹೋಗಲಿ ಅಂತ ಸ್ವಲ್ಪ ಒತ್ತಿ ತಳ್ಳಿದೆ. ಜೋಡಿಸಿ ನೀರು ಬಿಟ್ಟು ಫ್ಲಶ್ ಮಾಡಿದೆ, ಮತ್ತೆ ಬಣ್ಣ ಹಾಕಿದೆ. ಮೊದಲಿಗಿಂತ ಜೋರಾಗಿ ಗುಳ್ಳೆ. ಮತ್ತೆ ಬಿಚ್ಚಿದೆ, ಇನ್ನೂ ಒತ್ತಿದೆ. ಇದೇ ಸುತ್ತು ನಡೆಯುತ್ತಲೇ ಇತ್ತು. ಪ್ರತಿ ಸಲ ಗುಳ್ಳೆ ಜಾಸ್ತಿಯಾಗುತ್ತಿತ್ತು. ಆದರೂ ನನಗೆ ಹೊಳೆಯಲಿಲ್ಲ ನೋಡಿ.

ಬೇಸ್ ಕೆಳಗಿಂದ ಎದ್ದು ಬಂದ ಎಲೆಕ್ಟ್ರಿಷಿಯನ್, ನಾನು ನೀರಿನಲ್ಲಿ ಫ್ಲಶ್ ಮಾಡುವುದನ್ನು ಸುಮ್ನೆ ನಿಂತು ನೋಡುತ್ತಿದ್ದ. "ಈಗ ಅದರಲ್ಲಿ ಬಣ್ಣನೇ ಇಲ್ವಲ್ಲಣ್ಣ, ಮತ್ತೆ ಗುಳ್ಳೆ ಯಾಕೆ?" ಅಂದ.

ಅಷ್ಟು ಹೊತ್ತಿನಿಂದ ಬರಿ ನೀರಿನಲ್ಲೂ ಗುಳ್ಳೆ ಏಳುತ್ತಿತ್ತು. ನೋಡುತ್ತಲೇ ಇದ್ದೆ. ನೀರು ಗಟ್ಟಿಯಾಗುವುದಿಲ್ಲ, ನೀರಿಗೆ ಥಿನ್ನರ್ ಬೇಕಿಲ್ಲ. ಅಂದರೆ ಬಣ್ಣದ ತಪ್ಪು ಏನೂ ಇಲ್ಲ. ಗಾಳಿ ಹೋಗಬಾರದ ಜಾಗಕ್ಕೆ ಹೋಗುತ್ತಿದೆ, ಅಷ್ಟೇ.

ನಾಝಲ್ ಬಿಚ್ಚಿ ಭೂತಗನ್ನಡಿ ಕೆಳಗೆ ಹಿಡಿದೆ. ಅಕ್ಕಿಕಾಳಿಗಿಂತ ಚಿಕ್ಕ ಸಾಮಾನು. ಅದರ ತುದಿಯ ಬಾಯಲ್ಲಿ ಕೂದಲೆಳೆಯಂಥ ಸೀಳು. ಮೊದಲೇ ಯಾವಾಗಲೋ ಸ್ಪ್ಯಾನರ್‌ನಲ್ಲಿ ಬಿಗಿ ಮಾಡುವಾಗಲೋ, ನೀಡಲ್ ತಳ್ಳುವಾಗಲೋ ಸೀಳಿರಬೇಕು. ನಾನು ಆ ರಾತ್ರಿ ಪ್ರತಿ ಸಲ ನೀಡಲ್ ಒತ್ತಿ ಅದನ್ನು ಇನ್ನಷ್ಟು ಅಗಲ ಮಾಡಿದ್ದೆ. ನಾಝಲ್ ಸುತ್ತ ಹೋಗಬೇಕಾದ ಗಾಳಿ ಆ ಸೀಳಿನಿಂದ ಒಳಗೆ ನುಗ್ಗಿ ಬಣ್ಣವನ್ನು ಕಪ್‌ಗೆ ವಾಪಸ್ ತಳ್ಳುತ್ತಿತ್ತು.

ರಾತ್ರಿ ಆ ಹೊತ್ತಿನಲ್ಲಿ ನಾಝಲ್ ಎಲ್ಲಿ ಹುಡುಕುವುದು? ಹಾರ್ಡ್‌ವೇರ್ ಅಂಗಡಿಗಳ ಎಸ್‌ಪಿ ರೋಡ್ ತೆರೆದಿದ್ದರೂ ಕಂಪ್ರೆಸರ್ ಹೋಸ್, ಕಪ್ಲರ್ ಸಿಗಬಹುದು, ನಮ್ಮ ಏರ್‌ಬ್ರಷ್‌ಗೆ ಹೊಂದುವ ನಾಝಲ್ ಸಿಗುವುದು ನಂಬಿಕೆಯಿಲ್ಲ. ಕಾರುಗಳಿಗೆ ಸ್ಪ್ರೇ ಕ್ಯಾನ್ ಹೊಡೆದೆವು. ಜನರಿಗೆ ಡಬಲ್ ಝೀರೋ ಅನ್ನುವ ತೀರಾ ಸಣ್ಣ ಬ್ರಷ್ ಹಿಡಿದು ಮೂರು ಜನ ಕೂತೆವು. ಶರ್ಟು ಒಂದು ಬಣ್ಣ, ಪ್ಯಾಂಟು ಒಂದು ಬಣ್ಣ, ತಲೆಗೆ ಕಪ್ಪು ಚುಕ್ಕೆ. ಬೆಳಿಗ್ಗೆ ಮಾಡೆಲ್ ಟೆಂಪೋ ಹತ್ತಿತು. ಕಾರುಗಳ ಮೇಲೆ ಆರೆಂಜ್ ಪೀಲ್, ಅಂದರೆ ಕಿತ್ತಳೆ ಸಿಪ್ಪೆಯಂಥ ತರಿತರಿ ಇತ್ತು. ಯಾರೂ ಕೇಳಲಿಲ್ಲ. ಬಿಲ್ಡರ್ ಕಡೆಯವರು ಕೇಳಿದ್ದು ಈಜುಕೊಳದ ನೀಲಿ ಯಾಕೆ ಇಷ್ಟು ಡಲ್ ಅಂತ.

ಈಗ ನಮ್ಮ ಬೂತಿನಲ್ಲಿ ನಿಯಮ ಹೀಗಿದೆ. ಏನೇ ತೊಂದರೆ ಬರಲಿ, ಕಪ್ ಖಾಲಿ ಮಾಡಿ ಮೊದಲು ಬರಿ ನೀರು ಹಾಕಿ ನೋಡಬೇಕು. ನೀರಿನಲ್ಲೂ ಗುಳ್ಳೆ ಬಂದರೆ ನಾಝಲ್ ಸೀಳು, ಇಲ್ಲವೇ ನಾಝಲ್ ಸರಿಯಾಗಿ ಕೂತಿಲ್ಲ, ಇಲ್ಲವೇ ಮುಂದಿನ ಕ್ಯಾಪ್‌ನಲ್ಲಿ ಬಣ್ಣ ಒಣಗಿದೆ. ಥ್ರೆಡ್ ಇರುವ ನಾಝಲ್ ಆದರೆ ಥ್ರೆಡ್‌ಗೆ ಚೂರು ಜೇನುಮೇಣ ಸವರಿ, ಬೆರಳಲ್ಲಿ ತಿರುಗಿಸಿ, ಸ್ಪ್ಯಾನರ್‌ನಲ್ಲಿ ಬರಿ ಒಂದು ಮುಟ್ಟು. ಅದಕ್ಕಿಂತ ಬಿಗಿ ಮಾಡಿದರೆ ಥ್ರೆಡ್ ಮುರಿದು ಬಾಡಿಯೊಳಗೇ ಉಳಿಯುತ್ತದೆ, ಆಮೇಲೆ ಏರ್‌ಬ್ರಷ್‌ಗೆ ಹಾರ ಹಾಕಬೇಕು. ನೀಡಲ್ ಒಳಗೆ ತಳ್ಳುವಾಗ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಬೇಕು. ನೀರಿನಲ್ಲಿ ಎಲ್ಲ ಸರಿಯಿದ್ದರೆ ಆಗ ಬಣ್ಣವನ್ನು ಬೈಯಬಹುದು. ಸ್ಪ್ರೇ ಒಂದು ಪಕ್ಕಕ್ಕೆ ಎಳೆದರೆ ನೀಡಲ್ ತುದಿ ಬಾಗಿದೆ. ಉಗುರಿನ ಮೇಲೆ ಮೆಲ್ಲಗೆ ಎಳೆದರೆ ಕೊಕ್ಕೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಧ್ಯೆ ಮಧ್ಯೆ ನೀರಿನ ಹನಿ ಉಗುಳಿದರೆ ಗಾಳಿಯಲ್ಲಿನ ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ನೋಡಿ, ಕಂಪ್ರೆಸರ್ ಟ್ಯಾಂಕ್ ಡ್ರೇನ್ ಮಾಡಿ. ಮತ್ತೆ, ದಯವಿಟ್ಟು ಇಡೀ ಏರ್‌ಬ್ರಷ್‌ನ್ನು ರಾತ್ರಿಯೆಲ್ಲ ಎನ್‌ಸಿಯಲ್ಲಿ ನೆನೆಹಾಕಬೇಡಿ. ಒಳಗಿನ ರಬ್ಬರ್ ಓ-ರಿಂಗ್ ಊದಿಕೊಂಡು ಟ್ರಿಗರ್ ಮೇಲೇ ಬರುವುದಿಲ್ಲ.

ಹಾಂ, ಸ್ಪೇರ್ ನಾಝಲ್ ಕೂಡ ಬಂತು. ಸಾಮಾನು ಬೇಕೆಂದು ಕೊಡುವ ಚೀಟಿ, ಅಂದರೆ ಇಂಡೆಂಟ್‌ನಲ್ಲಿ 0.3 ಅಂತ ಸ್ಪಷ್ಟವಾಗಿ ಬರೆದಿದ್ದೆ. ಪರ್ಚೇಸ್‌ನವರು 0.5 ತರಿಸಿದರು, ಸ್ವಲ್ಪ ದೊಡ್ಡದಿದ್ದರೆ ಒಳ್ಳೇದೇ ಅಲ್ವಾ ಅಂತ. 0.5 ನಾಝಲ್‌ಗೆ 0.5 ನೀಡಲ್ಲೇ ಬೇಕು, ಇಲ್ಲದಿದ್ದರೆ ಬಾಯಿ ಮುಚ್ಚುವುದಿಲ್ಲ, ಬಣ್ಣ ಸೋರುತ್ತಲೇ ಇರುತ್ತದೆ. ಹೋಗಲಿ, ಪ್ರೈಮರ್ ಹೊಡೆಯಲು ಆಗುತ್ತೆ ಅಂತ ಇಟ್ಟುಕೊಂಡಿದ್ದೇನೆ. ನೀಡಲ್‌ಗೆ ಇಂಡೆಂಟ್ ಹಾಕಿದ್ದೇನೆ. ಮೂರು ಕೊಟೇಶನ್ ಬೇಕಂತೆ.