ಕೇಳಿತಾ?

"ಅಪ್ಪನ ಹೆಸರು ಓದಿದ್ದು ನಿಂಗೆ ಕೇಳಿತಾ?"

"ಕೇಳಿತಮ್ಮ."

ಭಾನುವಾರದಿಂದ ಈ ಎರಡು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಕೌಂಟರಿನಲ್ಲಿ ಕೂತಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಪಾತ್ರೆ ತೊಳೆಯುವಾಗ ತಿರುತಿರುಗಿ ಬರುತ್ತದೆ. ಈಸ್ಟರ್ ದಿನ ಬೆಳಗಿನ ಜಾವ, ಅಪ್ಪನ ಸಮಾಧಿಯ ಪಕ್ಕದಲ್ಲಿ ನಿಂತು ನಾನು ಅಮ್ಮನಿಗೆ ಸುಳ್ಳು ಹೇಳಿದೆ.

ಈ ವರ್ಷ, ಅಂದರೆ 2024ರಲ್ಲಿ, ಈಸ್ಟರ್ ಬಿದ್ದದ್ದು ಮಾರ್ಚ್ 31ಕ್ಕೆ, ಹಣಕಾಸು ವರ್ಷದ ಕೊನೆಯ ದಿನಕ್ಕೆ. ಬ್ಯಾಂಕಿನಲ್ಲಿರುವವರಿಗೆ ಇಷ್ಟು ಹೇಳಿದರೆ ಸಾಕು. ಸರಕಾರದ ಜಮೆ-ಖರ್ಚು ನೋಡುವ ಶಾಖೆಗಳೆಲ್ಲ ಆ ಭಾನುವಾರ ತೆರೆದಿರಬೇಕೆಂದು ರಿಸರ್ವ್ ಬ್ಯಾಂಕು ಮೊದಲೇ ಹೇಳಿತ್ತು. ಆದಾಯ ತೆರಿಗೆ ಕಚೇರಿಗಳಿಗೂ 29, 30, 31ರಂದು ರಜೆ ಇಲ್ಲ. ನಮಗೆ ಅದು ಶುಭ ಶುಕ್ರವಾರ, ನಡುವಿನ ಶನಿವಾರ, ಈಸ್ಟರ್. ಆ ನಡುವಿನ ಶನಿವಾರ ಮಗನಿಗೆ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪರೀಕ್ಷೆ, ಮಂಗಳವಾರ ಗಣಿತ. ಅಪ್ಪ ಹೋದದ್ದು ಅಕ್ಟೋಬರಿನಲ್ಲಿ. ಹಂಚಿನ ಮನೆಗೆ ಬೀಗ ಹಾಕಿ ಅಮ್ಮ ಎರಡು ಕೋಣೆಯ ನಮ್ಮ ಫ್ಲಾಟಿಗೆ ಬಂದು ನಾಲ್ಕು ತಿಂಗಳಾಯಿತು. ಅವಳಿಗೆ ಇಲ್ಲಿ ಬಾವಿಕಟ್ಟೆ ಇಲ್ಲ, ಕರೆದರೆ ಓಗೊಡುವ ನೆರೆಯವರಿಲ್ಲ. ನನ್ನ ಪ್ರಮೋಶನ್ನಿನ ಮಾತೂ ನಡೆಯುತ್ತಿದೆ. ಸಿಕ್ಕಿದರೆ ಮೇ-ಜೂನ್ ಹೊತ್ತಿಗೆ ಎಲ್ಲಿಗೆ ಹಾಕುತ್ತಾರೋ ದೇವರೇ ಬಲ್ಲ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು 2019ರಲ್ಲಿ, 2020ರಲ್ಲಿ ದೊಡ್ಡ ಬ್ಯಾಂಕುಗಳೊಂದಿಗೆ ಸೇರಿದ ಮೇಲೆ, ಊರ ಹತ್ತಿರವೇ ಸುತ್ತುತ್ತಾ ಸರ್ವಿಸ್ ಮುಗಿಸಬಹುದೆಂಬ ಭರವಸೆ ನಮ್ಮಲ್ಲಿ ಯಾರಿಗೂ ಉಳಿದಿಲ್ಲ.

ಶುಕ್ರವಾರ ನಾನು ಒಂದು ವಿಷಯದಲ್ಲಿ ಗಟ್ಟಿ ನಿಂತೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆಯ ಹೊತ್ತು, ಫೋನ್ ಬಂದ್. ಅದಾದ ಮೇಲೆ ಶಾಖೆಗೆ ಬಂದೇನು, ಅದಕ್ಕೆ ಮೊದಲು ಬರಲಾರೆ ಎಂದು ಹೇಳಿಬಿಟ್ಟೆ. ಆ ಮೂರು ಗಂಟೆ ಒಬ್ಬರೇ ಕೂತು ಕೆಲಸ ನೋಡಿಕೊಂಡವರು ನಮ್ಮ ಹೆಡ್ ಕ್ಯಾಶಿಯರ್. ರಂಜಾನ್ ಉಪವಾಸ, ಗಂಟಲಿಗೆ ಒಂದು ಹನಿ ನೀರಿಲ್ಲ. ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈಗಳಲ್ಲಿ ಒಂದು ಅವರದ್ದು, ಇನ್ನೊಂದು ನನ್ನದು. ಒಬ್ಬರಿಲ್ಲದೆ ಇನ್ನೊಬ್ಬರು ಬಾಗಿಲು ತೆಗೆಯುವಂತಿಲ್ಲ. ಆರು ವರ್ಷದಿಂದ ನೋಡಿದ್ದೇನೆ, ಇಷ್ಟು ಶುದ್ಧ ಮನುಷ್ಯ ನಮ್ಮ ಶಾಖೆಯಲ್ಲಿ ಇನ್ನೊಬ್ಬರಿಲ್ಲ. ಸಂಜೆ ಬಾಂಗಿನ ಹೊತ್ತಿಗೆ ಖರ್ಜೂರದ ಡಬ್ಬಿ ತೆಗೆದು ಮೊದಲು ನನ್ನ ಮುಂದಿಟ್ಟರು. "ಭಾನುವಾರ ನೀವು ಪ್ರಾರ್ಥನೆ ಮುಗಿಸಿ ನಿಧಾನ ಬನ್ನಿ ಮೇಡಂ. ನಾನು ಸಹರಿ ಊಟಕ್ಕೆ ಎದ್ದವ ಮತ್ತೆ ಮಲಗುವುದಿಲ್ಲ, ಬೇಗ ಬಂದು ಬೇರೆ ಕೆಲಸ ಎಲ್ಲ ಜೋಡಿಸಿಡ್ತೇನೆ" ಎಂದರು.

ಶನಿವಾರ ರಾತ್ರಿ ಹನ್ನೊಂದೂವರೆಯಾದರೂ ಒಂದು ಪಟ್ಟಿ ಟ್ಯಾಲಿ ಆಗಲಿಲ್ಲ. ತೆರಿಗೆ ಚಲನ್‌ಗಳ ಲೆಕ್ಕದಲ್ಲಿ 2,700 ರೂಪಾಯಿ ವ್ಯತ್ಯಾಸ. ನಾಳೆ ನೋಡುವ ಎಂದು ಎದ್ದೆವು. ಮನೆಗೆ ಬಂದರೆ ಅಮ್ಮ ಎದ್ದೇ ಇದ್ದಳು. ಮಲ್ಲಿಗೆ, ಸೇವಂತಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಣದ ಬತ್ತಿಗಳನ್ನು ಎಣಿಸಿ ಚೀಲಕ್ಕೆ ಹಾಕಿ, ಬಾಗಿಲ ಬಳಿ ಇಟ್ಟಾಗಿತ್ತು.

ನಮ್ಮ ಚರ್ಚಿನ ಸಭೆಯಲ್ಲಿ ಈಸ್ಟರ್ ಮುಂಜಾನೆಯ ಆರಾಧನೆ ಸ್ಮಶಾನದಲ್ಲೇ. ಐದೂವರೆಗೆ ಶುರು. ಸಮಾಧಿಗಳ ಮೇಲೆಲ್ಲ ಹೂ, ಮೇಣದ ಬತ್ತಿ, ತೆಂಗಿನ ಮರಗಳ ನಡುವೆ ಇನ್ನೂ ಕತ್ತಲು. ಕಳೆದ ಈಸ್ಟರಿನಿಂದ ಈಚೆಗೆ ಸಭೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಪಾದ್ರಿ ಅಯ್ಯನವರು ಅಲ್ಲಿ ಓದುತ್ತಾರೆ, ಆಮೇಲೆ ಪುನರುತ್ಥಾನದ ಗೀತೆ. ನಾಲ್ವತ್ತು ವರ್ಷ ಅಪ್ಪ ಕ್ವಾಯರಿನಲ್ಲಿ, ಅಂದರೆ ದೇವಾಲಯದ ಗಾಯಕರ ತಂಡದಲ್ಲಿ, ಆ ಗೀತೆಗೆ ತಗ್ಗು ದನಿಯ ಬೇಸ್ ಹಾಡಿದವರು. ಈ ಸಲ ಅವರ ಹೆಸರು ಪಟ್ಟಿಯಲ್ಲಿ. ಕಾಗದ ಕಾಣುವುದಿಲ್ಲವೆಂದು ಅಯ್ಯನವರು ನನ್ನ ಮಗನನ್ನು ಕರೆದು ಟಾರ್ಚ್ ಹಿಡಿಯಲು ಹೇಳಿದರು. ಅಮ್ಮ ಸಮಾಧಿಯ ಕಟ್ಟೆಗೆ ಕೈ ಕೊಟ್ಟು ನಿಂತಿದ್ದಳು. ಓದಲು ಶುರು ಮಾಡಿದರು. ನನ್ನ ಕೈಯಲ್ಲಿ ಫೋನ್ ನಡುಗಿತು.

ರೀಜನಲ್ ಆಫೀಸಿನವರು. ಯಾಕೆ ಎತ್ತಿದೆ ಎಂದು ಐದು ದಿನ ಕೇಳಿಕೊಂಡಿದ್ದೇನೆ. ಶುಕ್ರವಾರ ಮೂರು ಗಂಟೆ ಫೋನ್ ಬಂದ್ ಮಾಡಿದವಳಿಗೆ ಆ ಎರಡು ನಿಮಿಷ ಯಾಕೆ ಆಗಲಿಲ್ಲ? ನಿಜ ಹೇಳಬೇಕೆಂದರೆ ಯೋಚಿಸಿ ಎತ್ತಲೇ ಇಲ್ಲ. ಕೈ ತಾನಾಗಿ ಎತ್ತಿತು, ಕಾಲು ತಾನಾಗಿ ಗೇಟಿನ ಕಡೆ ನಡೆಯಿತು. "ಮೇಡಂ, ನಿನ್ನೆಯ ಡಿಫರೆನ್ಸ್ ಸಿಕ್ಕಿತಾ?" ಇಲ್ಲ ಸರ್, ಹತ್ತು ಗಂಟೆಯೊಳಗೆ ಹುಡುಕುತ್ತೇನೆ ಸರ್. ಹಿಂದಿರುಗುವಾಗ ಗೀತೆ ಶುರುವಾಗಿತ್ತು.

ಗೀತೆ ಮುಗಿದ ಮೇಲೆ ಅಮ್ಮ ನನ್ನ ಕಡೆ ಬಾಗಿ ಕೇಳಿದಳು. ಅಪ್ಪನ ಹೆಸರು ಓದಿದ್ದು ನಿಂಗೆ ಕೇಳಿತಾ? ಕೇಳಿತಮ್ಮ. ಒಂದು ಗಳಿಗೆ ಬಿಟ್ಟು, "ಚಂದ ಓದಿದ್ರಾ?" ಎಂದಳು. ಹ್ಞೂಂ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಗ್ಗಿ, ಆರಿದ ಬತ್ತಿಯೊಂದನ್ನು ಮತ್ತೆ ಹಚ್ಚಿದಳು.

ಎಂಟೂವರೆಯ ದೊಡ್ಡ ಆರಾಧನೆಯಲ್ಲಿ ಕರ್ತರ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡವಳೇ ಓಡಿದೆ. ಅಂದಿನ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 2,700 ಒಂಬತ್ತರಿಂದ ಭಾಗವಾಗುತ್ತದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿದೆ ಎಂದು ತಿಳಿ, ಎಂದು ನಾನು ಕೆಲಸಕ್ಕೆ ಸೇರಿದ ವರ್ಷ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಹಾಗೆಯೇ ಆಗಿತ್ತು. 5,800 ಇರಬೇಕಾದಲ್ಲಿ 8,500. ಇಪ್ಪತ್ತು ನಿಮಿಷದ ಕೆಲಸ. ಬೆಳಗ್ಗೆ ಆರು ಗಂಟೆಗೆ ಅದಕ್ಕಾಗಿ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ.

ಗಂಡನಿಗೆ ಸೋಮವಾರ ಹೇಳಿದೆ. "ಸೈಲೆಂಟಿಗೆ ಹಾಕಿದ್ದರೆ ಆಗ್ತಿತ್ತಲ್ಲ" ಎಂದರು. ಒಳ್ಳೆಯ ಮನುಷ್ಯ. ಆ ವಾರವಿಡೀ ಅಡುಗೆ, ಮಗನ ರಿವಿಜನ್, ಅಮ್ಮನ ಮಾತ್ರೆ ಎಲ್ಲ ಅವರೇ ನೋಡಿದ್ದು. ಆದರೆ ಕೆಲವು ಸಲ ಪರಿಹಾರ ಹೇಳುವುದಕ್ಕಿಂತ ಸುಮ್ಮನೆ ಪಕ್ಕದಲ್ಲಿ ಕೂತರೆ ಚಂದ. ಸಭೆಯ ಹಿರಿಯರೊಬ್ಬರು ನಾನು ಭೋಜನವಾದ ಕೂಡಲೇ ಓಡಿದ್ದನ್ನು ನೋಡಿದ್ದರು. ಮರುದಿನ ಫೋನ್ ಮಾಡಿ, "ಕೆಲಸ ದೇವರಿಗಿಂತ ದೊಡ್ಡದಾಗಬಾರದಮ್ಮ" ಎಂದರು. ಅವರು ನಿವೃತ್ತರಾಗಿ ಹದಿನೈದು ವರ್ಷ. ಅವರ ಕಾಲದಲ್ಲಿ ಭಾನುವಾರ ಫೋನ್ ಬರುತ್ತಿರಲಿಲ್ಲ, ಹಬ್ಬದ ಅಡುಗೆ ಮಾಡಿಡಲು ಮನೆಯಲ್ಲಿ ಹೆಂಡತಿ ಇದ್ದರು. ದೇವರ ಹೆಸರಿನಲ್ಲಿ ಬುದ್ಧಿ ಹೇಳುವ ಮೊದಲು ಒಮ್ಮೆ ನಮ್ಮ ಅಡುಗೆಮನೆಗೆ ಬಂದು ನೋಡಲಿ ಎಂದು ನನಗೆ ಸಿಟ್ಟು ಬಂತು. ಸಿಟ್ಟು ಇನ್ನೂ ಇದೆ. ಫೋನ್ ಮಾಡಿದ ಅಧಿಕಾರಿಯ ಮೇಲೆ ಅಷ್ಟಿಲ್ಲ. ಆ ಹೊತ್ತಿಗೇ ಅವರ ದನಿ ಬಿದ್ದುಹೋಗಿತ್ತು, ರಾತ್ರಿ ಅವರೂ ಮಲಗಿರಲಿಕ್ಕಿಲ್ಲ.

ನಮ್ಮ ಹಿಂದಿನವರಿಗೆ ಈ ಎಳೆದಾಟ ಹೇಗಿತ್ತು ಎಂದು ಯೋಚಿಸುತ್ತೇನೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿಯ ಆಸರೆ, ಕುಲಕಸುಬು, ಜಾಗ ಎಲ್ಲ ತಪ್ಪಿದಾಗ ಮಿಶನ್ ಅವರಿಗೆ ನೇಯ್ಗೆ ಕಲಿಸಿತು, ಅಚ್ಚುಕೂಟದಲ್ಲಿ ಕೆಲಸ ಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಮ್ಮ ಅಜ್ಜನ ಅಪ್ಪ ಅಲ್ಲೇ ಮಣ್ಣು ತುಳಿದವರಂತೆ. ಕಾರ್ಖಾನೆ, ದೇವಾಲಯ, ಶಾಲೆ, ಬಿಡಾರ ಎಲ್ಲ ಕೂಗಳತೆಯಲ್ಲಿ. ಕೆಲಸಕ್ಕೆ ಮೊದಲು ಪ್ರಾರ್ಥನೆ. ಯಾರ ಮನೆಯಲ್ಲಿ ಸಾವಾಯಿತೆಂದು ಮೇಸ್ತ್ರಿಗೆ ಬೇರೆ ಹೇಳಬೇಕಾಗಿರಲಿಲ್ಲ, ಅವನೂ ಅದೇ ಸಾಲಿನ ಬೆಂಚಿನಲ್ಲಿ ಕೂರುವವನು. ಚಿಕ್ಕವಳಿದ್ದಾಗ ಇದನ್ನೆಲ್ಲ ಕೇಳಿ ಎಷ್ಟು ಸುಖ ಅನ್ನಿಸುತ್ತಿತ್ತು. ಈಗ ಅಷ್ಟು ಸುಲಭವಾಗಿ ಹೇಳಲಾರೆ. ಸಂಬಳ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದರೆ ಒಂದು ಕಡೆ ತಪ್ಪಿದವನಿಗೆ ಇನ್ನೊಂದು ಕಡೆಯೂ ತಲೆ ಎತ್ತಲಾಗುವುದಿಲ್ಲ. ಆದರೂ ಸತ್ತವರ ಹೆಸರು ಓದುವ ಹೊತ್ತಿಗೆ ಆ ಕಾರ್ಖಾನೆಯಿಂದ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ ಎಂದು ನಂಬಲು ನನಗೆ ಇಷ್ಟ.

ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ತಯಾರು ಮಾಡುವಾಗ ಒಮ್ಮೆ ಓದಿದ್ದು ಈ ವಾರ ನೆನಪಾಯಿತು. ಮೊದಲ ಶತಮಾನಗಳ ಕ್ರೈಸ್ತರಿಗೆ ಭಾನುವಾರ ರಜೆ ಇರಲಿಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ವಿಶ್ರಾಂತಿಯ ದಿನ ಮಾಡಿದ್ದು 321ರಲ್ಲಿ. ಅಲ್ಲಿಯವರೆಗೆ ಭಾನುವಾರವೂ ದುಡಿಮೆಯ ದಿನವೇ. ಕೆಲಸಕ್ಕೆ ಹೋಗಬೇಕಾದವರು ಬೆಳಕು ಹರಿಯುವ ಮೊದಲೇ ಕೂಡಿಬಂದು ಹಾಡುತ್ತಿದ್ದರು. ಯೇಸುವಿನ ಸಮಾಧಿಗೆ ಹೋದ ಆ ಮೂವರು ಹೆಂಗಸರೂ ಕೆಲಸಕ್ಕೇ ಹೊರಟವರು. ಸಬ್ಬತ್, ಅಂದರೆ ಯೆಹೂದ್ಯರ ವಿಶ್ರಾಂತಿಯ ದಿನ, ಕಳೆಯಲೆಂದು ಕಾದು, ಸುಗಂಧದ್ರವ್ಯ ಕೊಂಡು, ಹೆಣಕ್ಕೆ ಹಚ್ಚಬೇಕಾದದ್ದನ್ನು ಹಚ್ಚಲು ಹೊರಟಿದ್ದರು. ದಾರಿಯಲ್ಲಿ ಅವರ ಚಿಂತೆ ಇದ್ದದ್ದು ಆ ದೊಡ್ಡ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂದು. ಅದು ನನಗೆ ಚೆನ್ನಾಗಿ ಅರ್ಥವಾಗುವ ಚಿಂತೆ. ಮಗನ ಹಾಲ್ ಟಿಕೆಟ್ ಎಲ್ಲಿ, ಅಮ್ಮನ ಬಿ.ಪಿ. ಮಾತ್ರೆ ಮುಗಿಯಿತಾ, ಬೀಗದ ಕೈ ಚೀಲದಲ್ಲಿದೆಯಾ, ನನ್ನ ಬೆಳಗಿನ ಪ್ರಾರ್ಥನೆಯೂ ಈಚೆಗೆ ಇಂಥದ್ದೇ.

ಆದರೆ ಮಾರ್ಕನ ಸುವಾರ್ತೆಯ ಆ ಭಾಗ ಎಲ್ಲಿ ನಿಲ್ಲುತ್ತದೆಂದು ನೋಡಿ. ಹದಿನಾರನೇ ಅಧ್ಯಾಯ, ಎಂಟನೇ ವಚನ. ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಭಾನುವಾರ ಅದೇ ಪಾಠ ಓದಿದ್ದರು. ನಾನೂ ನಾಲ್ಕು ದಿನ ಅಮ್ಮನಿಗೆ ಹೇಳಲಿಲ್ಲ. ದೇವರ ಹತ್ತಿರ ಹೇಳಿದ್ದೆ. ದೇವರ ಹತ್ತಿರ ಹೇಳುವುದು ಅಮ್ಮನ ಹತ್ತಿರ ಹೇಳುವುದಕ್ಕಿಂತ ಸುಲಭವಾಗಿತ್ತು, ಅದೇ ಚುಚ್ಚಿತು.

ಗುರುವಾರ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿಯಿತು. ಮಗ ಹಿಂದಿ ಪರೀಕ್ಷೆ ಮುಗಿಸಿ ಬಂದವ, ಶನಿವಾರದ ಇಂಗ್ಲಿಷ್ ಪುಸ್ತಕ ಹಿಡಿದು ಊಟದ ಮೇಜಿನಲ್ಲೇ ಕೂತಿದ್ದ. ಅಮ್ಮ ಮಂಚದ ಮೇಲೆ ಹಾಸಿಗೆ ಸರಿಮಾಡುತ್ತಿದ್ದಳು. ಪಕ್ಕದಲ್ಲಿ ಕೂತೆ. "ಅಮ್ಮ, ಭಾನುವಾರ ಅಪ್ಪನ ಹೆಸರು ನಂಗೆ ಕೇಳಲಿಲ್ಲ. ಆಫೀಸಿನ ಫೋನ್ ಬಂತು, ಗೇಟಿನ ಹತ್ತಿರ ಹೋಗಿದ್ದೆ. ನಿನ್ನತ್ರ ಸುಳ್ಳು ಹೇಳಿದೆ."

ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಬಲಗಿವಿಯ ಹತ್ತಿರ ಬಾಗಿ, ಜೋರಾಗಿ ಎರಡನೇ ಸಲ ಹೇಳಬೇಕಾಯಿತು. ಒಮ್ಮೆ ಹೇಳುವುದೇ ಕಷ್ಟವಾಗಿತ್ತು.

ಅಮ್ಮ ಬಹಳ ಹೊತ್ತು ನನ್ನ ಮುಖ ನೋಡಿದಳು.

"ನಂಗೂ ಕೇಳ್ಲಿಲ್ಲ ಮಗಾ" ಎಂದಳು. "ಆ ಕಿವಿಯ ಮಿಶಿನು ಗಾಳಿಗೆ ಬರೀ ಕುಯ್ಯೋ ಅಂತದೆ, ಚೀಲದಲ್ಲೇ ಇಟ್ಟಿದ್ದೆ. ಅಯ್ಯನವರ ಬಾಯಿ ಅಲ್ಲಾಡಿದ್ದು ಕಂಡಿತು, ಯಾವುದು ಅಪ್ಪಂದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ನಿನ್ನತ್ರ ಕೇಳಿದ್ದು. ನೀನು ಕೇಳಿತು ಅಂದಿ. ಆಗ ಸಮಾಧಾನ ಆಯ್ತು, ಮನೆಯವರಲ್ಲಿ ಒಬ್ಬರಿಗಾದರೂ ಕೇಳಿತಲ್ಲ ಅಂತ."

ಚಂದ ಓದಿದ್ರಾ ಎಂದು ಅವಳು ಕೇಳಿದ್ದು ಆಗ ತಲೆಗೆ ಹೋಯಿತು. ಕೇಳಿಸಿಕೊಂಡವರು ಹಾಗೆ ಕೇಳುವುದಿಲ್ಲ. ಅವಳು ಕೇಳಿದ್ದೂ ನನಗೆ ಕೇಳಿರಲಿಲ್ಲ. ಏನು ಹೇಳಬೇಕೆಂದು ತೋಚದೆ ಅವಳ ಕೈ ಹಿಡಿದುಕೊಂಡೆ.

ಮೇಜಿನ ಕಡೆಯಿಂದ ಮಗ ಹೇಳಿದ, "ಹನ್ನೊಂದು ಹೆಸರಿತ್ತು. ಅಜ್ಜಂದು ಏಳನೇದು."

ಇಬ್ಬರೂ ತಿರುಗಿದೆವು.

"ನಾನಲ್ವಾ ಟಾರ್ಚ್ ಹಿಡಿದದ್ದು. ಅಜ್ಜನ ಹೆಸರು ಓದಿ ಅಯ್ಯನವರು ಸ್ವಲ್ಪ ನಿಂತ್ರು. ಮತ್ತೆ 'ನಮ್ಮ ಕ್ವಾಯರಿನ ಬೇಸ್' ಅಂದ್ರು. ಬೇರೆ ಯಾರ ಹೆಸರಿಗೂ ಏನೂ ಸೇರಿಸಿ ಹೇಳ್ಲಿಲ್ಲ."

"ಎಂತ ಹೇಳ್ತಾನೆ ಇವ?" ಎಂದು ಅಮ್ಮ ನನ್ನನ್ನು ಕೇಳಿದಳು. ನಾನು ಹೇಳಲು ಬಾಯಿ ತೆಗೆದೆ, ಆಗಲಿಲ್ಲ. ಮಗ ಪುಸ್ತಕ ಮಡಚಿಟ್ಟು ಎದ್ದು ಬಂದ. ಅಜ್ಜಿಯ ಮುಂದೆ ಮಂಡಿಯೂರಿ, ಬಲಗಿವಿಯ ಹತ್ತಿರ ಬಾಯಿಟ್ಟು, ಅಯ್ಯನವರು ಓದಿದ ಹಾಗೆಯೇ, ಅಜ್ಜನ ಪೂರ್ತಿ ಹೆಸರು ಹೇಳಿದ. ಸ್ವಲ್ಪ ನಿಂತ. ನಮ್ಮ ಕ್ವಾಯರಿನ ಬೇಸ್ ಎಂದ.

"ಇನ್ನೊಮ್ಮೆ ಹೇಳು" ಎಂದಳು ಅಮ್ಮ.